ಬೇಸ್‌ನಲ್ಲೇ ಮನೆಯೋ, ಊರಿನಿಂದ ಓಡಾಟವೋ: ಏರ್‌ಲೈನ್ ಪೈಲಟ್ ನಿರ್ಧರಿಸುವ ಬಗೆ

ಮನೆ ಮಂಗಳೂರಿನಲ್ಲಿ, ಬೇಸ್ (ಡ್ಯೂಟಿ ಶುರುವಾಗಿ ಮುಗಿಯುವ ನಿಲ್ದಾಣ) ಬೆಂಗಳೂರಿನಲ್ಲಿ, ನಡುವೆ ವಿಮಾನದಲ್ಲಿ ಸುಮಾರು ಒಂದು ಗಂಟೆಯ ದಾರಿ. ಇಷ್ಟನ್ನು ಕೇಳಿದವರಿಗೆ ಮನೆ ಬದಲಿಸುವ ಪ್ರಶ್ನೆಯೇ ಅನಗತ್ಯ ಎನಿಸುತ್ತದೆ. ಫಸ್ಟ್ ಆಫೀಸರ್, ಅಂದರೆ ಸಹಪೈಲಟ್, ಆಗಿ ಸೇರಿದಾಗ ನನಗೂ ಹಾಗೆಯೇ ಅನಿಸಿತ್ತು. ಎರಡು ವರ್ಷ ಊರಿನಿಂದಲೇ ಓಡಾಡಿ, ಆಮೇಲೆ ಯಲಹಂಕಕ್ಕೆ ಮನೆ ಸಾಗಿಸಿದವನು ನಾನು. ಮಂಗಳೂರು, ಮೈಸೂರು, ಹುಬ್ಬಳ್ಳಿ ಅಥವಾ ಬೆಳಗಾವಿಯಲ್ಲಿ ಸಂಸಾರ ಇಟ್ಟುಕೊಂಡು ಬೆಂಗಳೂರು, ಮುಂಬೈ, ದೆಹಲಿ ಬೇಸ್‌ಗಳಲ್ಲಿ ಹಾರುತ್ತಿರುವ ಕಿರಿಯ ಪೈಲಟ್‌ಗಳು ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದರಿಂದ, ನಿರ್ಧಾರಕ್ಕೆ ಬರುವ ಕ್ರಮವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಈ ಲೆಕ್ಕದ ಅಳತೆಗೋಲು ರಾತ್ರಿ. ತಿಂಗಳಲ್ಲಿ ಎಷ್ಟು ರಾತ್ರಿ ಸ್ವಂತ ಹಾಸಿಗೆಯಲ್ಲಿ ಮಲಗುತ್ತೀರಿ, ಡ್ಯೂಟಿಯ ಹಿಂದಿನ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬ ಎರಡು ಉತ್ತರಗಳು ಕೈಗೆ ಸಿಕ್ಕರೆ ಉಳಿದದ್ದು ಸುಲಭ.

ಮೊದಲ ಹೆಜ್ಜೆ: ನಿಯಮ ಯಾವ ಗಂಟೆಯನ್ನು ಎಣಿಸುತ್ತದೆ ಎಂದು ತಿಳಿಯುವುದು

ನಿಮ್ಮ ಡ್ಯೂಟಿ ಶುರುವಾಗುವುದು ಬೇಸ್‌ನಲ್ಲಿ ರಿಪೋರ್ಟ್ ಮಾಡಿದ ಕ್ಷಣದಿಂದ. ಕಂಪನಿಯೇ ನಿಮ್ಮನ್ನು ಪ್ರಯಾಣಿಕನಾಗಿ ಬೇರೊಂದು ಊರಿಗೆ ಕಳುಹಿಸಿದರೆ, ಅಂದರೆ ಪೊಸಿಷನಿಂಗ್ ಆದರೆ, ಅದು ಡ್ಯೂಟಿಯ ಲೆಕ್ಕಕ್ಕೆ ಸೇರುತ್ತದೆ. ನೀವಾಗಿಯೇ ಮನೆಯಿಂದ ಬೇಸ್‌ಗೆ ಬರುವ ಪ್ರಯಾಣ ಎಷ್ಟೇ ಉದ್ದವಾಗಿದ್ದರೂ ಸೇರುವುದಿಲ್ಲ. ನಿಯಮದ ಕಣ್ಣಿನಲ್ಲಿ ಅದು ನಿಮ್ಮ ಸ್ವಂತ ಸಮಯ. ಮಂಗಳೂರಿನ ಬಜ್ಪೆ ನಿಲ್ದಾಣದ ಬೋರ್ಡಿಂಗ್ ಗೇಟ್‌ನಲ್ಲಿ ಸೀಟು ಸಿಗುತ್ತದೋ ಇಲ್ಲವೋ ಎಂದು ನಿಂತಿರುವಾಗಲೂ ಕಾಗದದ ಮೇಲೆ ನೀವು ಡ್ಯೂಟಿಯಲ್ಲಿಲ್ಲ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರಲ್ಲಿ ಪರಿಷ್ಕರಿಸಿದ ಹಾರಾಟ ಮತ್ತು ಡ್ಯೂಟಿ ಅವಧಿಯ ನಿಯಮಗಳು ಎರಡು ಹಂತಗಳಲ್ಲಿ ಬಂದವು. 2025ರ ಜುಲೈ 1ರಿಂದ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. 2025ರ ನವೆಂಬರ್ 1ರ ಎರಡನೆಯ ಹಂತದಲ್ಲಿ ರಾತ್ರಿ ಲ್ಯಾಂಡಿಂಗ್‌ಗಳ ಮಿತಿ ಬಿಗಿಯಾಯಿತು, ‘ರಾತ್ರಿ’ ಎಂಬುದರ ಅವಧಿ ಬೆಳಗಿನ 6 ಗಂಟೆಯವರೆಗೆ ವಿಸ್ತರಿಸಿತು. 48 ಗಂಟೆ ಎಂದಾಗ ಊರಿನಿಂದ ಓಡಾಡುವವರು ಸಹಜವಾಗಿಯೇ ಹಿಗ್ಗಿದರು. ಆ ಹಿಗ್ಗು ಎಷ್ಟು ಉಳಿಯುತ್ತದೆ ಎಂಬುದನ್ನು ಮುಂದಿನ ಹೆಜ್ಜೆಯಲ್ಲಿ ಲೆಕ್ಕ ಹಾಕೋಣ.

ಯುರೋಪಿನ ನಿಯಂತ್ರಕರ ಮಾರ್ಗಸೂಚಿಯಲ್ಲಿ ನೆನಪಿಡಬೇಕಾದ ಒಂದು ಅಂಕಿ ಇದೆ: ಮನೆಯಿಂದ ಬೇಸ್‌ಗೆ ಸಾಮಾನ್ಯವಾಗಿ 90 ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಾದರೆ, ಬೇಸ್‌ಗೆ ಹತ್ತಿರ ತಾತ್ಕಾಲಿಕ ವಸತಿಯ ಏರ್ಪಾಡನ್ನು ಸಿಬ್ಬಂದಿ ಯೋಚಿಸಬೇಕು. ಬೆಂಗಳೂರಿನಲ್ಲಿ ಈ ಅಂಕಿಯನ್ನು ಗಂಭೀರವಾಗಿ ಹಿಡಿದರೆ ಬನಶಂಕರಿಯಲ್ಲಿ ಇರುವವರೂ ‘ಊರಿನಿಂದ ಓಡಾಡುವವರ’ ಪಟ್ಟಿಗೆ ಸೇರುತ್ತಾರೆ. ಆ ಮಾತಿಗೆ ಮತ್ತೆ ಬರುತ್ತೇನೆ.

ಎರಡನೆಯ ಹೆಜ್ಜೆ: ಹಳೆಯ ರೋಸ್ಟರ್‌ಗಳನ್ನು ಬಿಡಿಸಿ ನೋಡುವುದು

ಇಡೀ ಕೆಲಸದ ಜೀವಾಳ ಇದು. ಒಂದು ಭಾನುವಾರವನ್ನು ಇದಕ್ಕೆಂದೇ ತೆಗೆದಿಡಿ. ಕಳೆದ ಮೂರು ತಿಂಗಳ ರೋಸ್ಟರ್‌ಗಳನ್ನು, ಅಂದರೆ ಡ್ಯೂಟಿ ಪಟ್ಟಿಗಳನ್ನು, ಮುದ್ರಿಸಿಕೊಳ್ಳಿ. ಪ್ರಕಟವಾದ ರೋಸ್ಟರ್ ಸಾಲದು, ಬದಲಾವಣೆಗಳೆಲ್ಲ ಆದ ಮೇಲೆ ನೀವು ನಿಜವಾಗಿ ಹಾರಿದ್ದರ ದಾಖಲೆ ಬೇಕು. ಪ್ರತಿ ರಜೆಯ ಮುಂಚಿನ ಡ್ಯೂಟಿ ಮುಗಿದ ಹೊತ್ತು ಮತ್ತು ರಜೆಯ ನಂತರ ರಿಪೋರ್ಟ್ ಮಾಡಿದ ಹೊತ್ತು, ಇವೆರಡನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಪಕ್ಕದಲ್ಲಿ ನಿಮ್ಮ ಊರಿಗೆ ಹೋಗುವ ಕೊನೆಯ ವಿಮಾನದ ಸಮಯವನ್ನೂ ಊರಿನಿಂದ ಬರುವ ಸಂಜೆಯ ವಿಮಾನದ ಸಮಯವನ್ನೂ ಬರೆದುಕೊಳ್ಳಿ.

ನನ್ನದೇ ಹಳೆಯ ರೋಸ್ಟರ್‌ನ ಒಂದು ತುಂಡನ್ನು ಇಲ್ಲಿ ಬಿಡಿಸುತ್ತೇನೆ. ಗುರುವಾರ ರಾತ್ರಿ 10:40ಕ್ಕೆ ಡ್ಯೂಟಿ ಮುಗಿಯಿತು, ಮುಂದಿನ ರಿಪೋರ್ಟಿಂಗ್ ಭಾನುವಾರ ಬೆಳಗಿನ 4:50ಕ್ಕೆ. ಕಾಗದದ ಮೇಲೆ ಇದು 54 ಗಂಟೆ 10 ನಿಮಿಷದ ಬಿಡುವು. ಗುರುವಾರ ರಾತ್ರಿ ಊರಿಗೆ ಹೋಗುವ ವಿಮಾನ ಆಗಲೇ ಹಾರಿಯಾಗಿತ್ತು, ಆದ್ದರಿಂದ ಆ ರಾತ್ರಿ ದೇವನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಕಳೆಯಿತು. ಶುಕ್ರವಾರ ಬೆಳಗಿನ ಮೊದಲ ವಿಮಾನ ಹಿಡಿದು ಮನೆಯ ಅಂಗಳಕ್ಕೆ ಕಾಲಿಟ್ಟಾಗ 9:30. ಭಾನುವಾರದ ಮುಂಜಾವಿನ ಡ್ಯೂಟಿಗೆ ಶನಿವಾರವೇ ಹಿಂತಿರುಗಬೇಕು; ಸಂಜೆ 5ಕ್ಕೆ ಮನೆ ಬಿಟ್ಟೆ. ಅಂದರೆ 54 ಗಂಟೆಯಲ್ಲಿ ಮನೆಯಲ್ಲಿ ಕಳೆದದ್ದು 31 ಗಂಟೆ 30 ನಿಮಿಷ, ಮೂರು ರಾತ್ರಿಗಳಲ್ಲಿ ಮನೆಯಲ್ಲಿ ಮಲಗಿದ್ದು ಒಂದು. ಆ ಒಂದು ರಾತ್ರಿಯ ಮರುದಿನ ಹತ್ತು ಗಂಟೆಯವರೆಗೂ ನಾನು ಎದ್ದಿರಲಿಲ್ಲ. ಅಮ್ಮ ಬಾಗಿಲ ಬಳಿ ಬಂದು, ‘ನೀನು ಊರಿಗೆ ಬರುದು ಮಲಗ್ಲಿಕ್ಕಾ ಮಗಾ?’ ಎಂದು ಕೇಳಿದ್ದರು. ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕುತೂಹಲವಿತ್ತು.

ಹೀಗೆ ಪ್ರತಿ ಬಿಡುವನ್ನೂ ಬಿಡಿಸಿ, ರಾತ್ರಿಗಳನ್ನು ಮೂರು ಗುಂಪು ಮಾಡಿ. ಡ್ಯೂಟಿಯಲ್ಲಿ ಅಥವಾ ಡ್ಯೂಟಿಯ ನಡುವೆ ಬೇರೆ ಊರಿನಲ್ಲಿ ತಂಗುವ ಲೇಓವರ್ ಹೋಟೆಲ್‌ನಲ್ಲಿ ಕಳೆದವು ಮೊದಲ ಗುಂಪು. ಇವು ನೀವು ಎಲ್ಲಿದ್ದರೂ ಬದಲಾಗುವುದಿಲ್ಲ. ಮನೆಯಲ್ಲಿ ಮಲಗಿದವು ಎರಡನೆಯದು. ಡ್ಯೂಟಿಯೂ ಇಲ್ಲದೆ ಮನೆಯೂ ಇಲ್ಲದೆ ಬೇಸ್‌ನ ಕೋಣೆಯಲ್ಲಿ ಸುಮ್ಮನೆ ಕಳೆದವು ಮೂರನೆಯದು. ಬೇಸ್‌ನಲ್ಲೇ ಮನೆ ಇದ್ದಿದ್ದರೆ ಮೂರನೆಯ ಗುಂಪು ಪೂರ್ತಿಯಾಗಿ ಎರಡನೆಯದಕ್ಕೆ ಸೇರುತ್ತಿತ್ತು, ಆದ್ದರಿಂದ ಓಡಾಟದ ನಿಜವಾದ ಬೆಲೆ ಈ ಮೂರನೆಯ ಗುಂಪೇ. ನನ್ನ ಅಂದಾಜಿನಲ್ಲಿ ತಿಂಗಳಿಗೆ ಮೂರು ರಾತ್ರಿಯವರೆಗೆ ಓಡಾಟ ತಾಳಿಕೊಳ್ಳಬಹುದು. ಆರು ದಾಟಿದರೆ ಮನೆ ಬದಲಿಸುವುದೇ ಲೇಸು. ನಾಲ್ಕು, ಐದು ಬಂದವರು ಮುಂದಿನ ಹೆಜ್ಜೆಗಳನ್ನು ಹೆಚ್ಚು ಗಮನವಿಟ್ಟು ಓದಬೇಕು.

ಒಂದು ಎಚ್ಚರಿಕೆ. ವಿಮಾನಗಳ ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಂದು ಬದಲಾಗುತ್ತದೆ. ನಿಮ್ಮ ಇಡೀ ಲೆಕ್ಕ ನಿಂತಿರುವ ರಾತ್ರಿ 9ರ ವಿಮಾನ ಮುಂದಿನ ಋತುವಿನಲ್ಲಿ ಇರಲೇಬೇಕೆಂದಿಲ್ಲ. ಒಂದೇ ವಿಮಾನವನ್ನು ನಂಬಿದ ಲೆಕ್ಕವಾದರೆ ಅದನ್ನು ಅರ್ಧ ವರ್ಷದ ಲೆಕ್ಕ ಎಂದಷ್ಟೇ ತಿಳಿಯಿರಿ.

ಮೂರನೆಯ ಹೆಜ್ಜೆ: ಸ್ಟ್ಯಾಂಡ್‌ಬೈ ಮತ್ತು ಹಿರಿತನ

ಕರೆ ಬಂದರೆ ಹಾರಲು ಮನೆಯಲ್ಲೇ ಸಿದ್ಧವಾಗಿರುವ ಡ್ಯೂಟಿಯೇ ಹೋಮ್ ಸ್ಟ್ಯಾಂಡ್‌ಬೈ. ಹೆಸರಿನಲ್ಲಿ ‘ಹೋಮ್’ ಇದ್ದರೂ ಅದು ಬೇಸ್‌ನ ಮನೆ. ಕರೆ ಬಂದ ಮೇಲೆ ಕಂಪನಿ ನಿಗದಿಪಡಿಸಿದ ಅವಧಿಯೊಳಗೆ ರಿಪೋರ್ಟ್ ಮಾಡಬೇಕಾಗಿರುವುದರಿಂದ ಮಂಗಳೂರಿನಲ್ಲಿ ಕುಳಿತು ಬೆಂಗಳೂರಿನ ಸ್ಟ್ಯಾಂಡ್‌ಬೈ ಮಾಡುವುದು ಅಸಾಧ್ಯ. ಮೈಸೂರಿನಲ್ಲಿ ಕುಳಿತು ಮಾಡಬಹುದೆಂದು ಧೈರ್ಯ ಮಾಡಿದವರನ್ನು ನೋಡಿದ್ದೇನೆ. ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಅಲ್ಲಿಂದ ಹತ್ತಿರ ಹತ್ತಿರ 180 ಕಿಲೋಮೀಟರ್, ಎಕ್ಸ್‌ಪ್ರೆಸ್‌ವೇ ಮುಗಿದ ಮೇಲೆ ಇಡೀ ಬೆಂಗಳೂರನ್ನು ದಾಟುವುದು ಬಾಕಿ ಇರುತ್ತದೆ. ಇದು ಅದೃಷ್ಟದ ಮೇಲೆ ನಡೆಸುವ ಕೆಲಸವಲ್ಲ. ಕಿರಿಯರ ರೋಸ್ಟರ್‌ನಲ್ಲಿ ಸ್ಟ್ಯಾಂಡ್‌ಬೈ ಹೆಚ್ಚಿರುವುದು ಸಾಮಾನ್ಯ, ಹಾಗಾಗಿ ಹೊಸದಾಗಿ ಸೇರಿದವರಿಗೆ ನನ್ನ ಸಲಹೆಯಲ್ಲಿ ಗೊಂದಲವಿಲ್ಲ: ಮೊದಲ ವರ್ಷ ಬೇಸ್‌ನಲ್ಲೇ ಇರಿ.

ಹಿರಿತನ ಬಂದಂತೆ ಓಡಾಟಕ್ಕೆ ಒಗ್ಗುವ ರೋಸ್ಟರ್ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಕಮಾಂಡ್ ಸಿಕ್ಕಿ ಕ್ಯಾಪ್ಟನ್ ಆದ ದಿನ ನೀವು ಕ್ಯಾಪ್ಟನ್‌ಗಳ ಸಾಲಿನಲ್ಲಿ ಮತ್ತೆ ಕೊನೆಯವರು. ಹಿರಿಯ ಫಸ್ಟ್ ಆಫೀಸರ್ ಆಗಿ ನೆಮ್ಮದಿಯಿಂದ ಓಡಾಡುತ್ತಿದ್ದವರು ಅಪ್‌ಗ್ರೇಡ್ ಆದ ಆರೇ ತಿಂಗಳಲ್ಲಿ ಮನೆ ಹುಡುಕತೊಡಗುವುದಕ್ಕೆ ಕಾರಣ ಇದೇ. ಅಪ್‌ಗ್ರೇಡ್ ಹದಿನೆಂಟು ತಿಂಗಳೊಳಗೆ ಬರುವಂತಿದ್ದರೆ ಇಂದಿನ ರೋಸ್ಟರ್‌ನ ಆಧಾರದ ಮೇಲೆ ಮನೆ ಕೊಳ್ಳುವ ತೀರ್ಮಾನ ಬೇಡ. ಅಪ್‌ಗ್ರೇಡ್ ಜೊತೆಗೆ ಬೇಸ್ ಕೂಡ ಬದಲಾಗಬಹುದು.

ನಾಲ್ಕನೆಯ ಹೆಜ್ಜೆ: ನಿದ್ದೆಯ ದಿನಚರಿ

ಮೂರು ತಿಂಗಳು ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ಪ್ರತಿ ರಿಪೋರ್ಟಿಂಗ್‌ಗೆ ಮುಂಚಿನ 24 ಗಂಟೆಗಳಲ್ಲಿ ಎಷ್ಟು ಹೊತ್ತು ಮಲಗಿದಿರಿ, ಎಲ್ಲಿ ಮಲಗಿದಿರಿ ಎಂದು ಬರೆಯಿರಿ. ವಿಮಾನದ ಸೀಟಿನಲ್ಲಿ, ಕ್ಯಾಬ್‌ನಲ್ಲಿ, ಕ್ರೂ ರೂಮಿನ ಸೋಫಾದ ಮೇಲೆ ತೂಕಡಿಸಿದ್ದನ್ನು ಸೊನ್ನೆ ಎಂದೇ ಹಾಕಿ. ನನ್ನ ಪುಸ್ತಕದಲ್ಲಿ ಮೂರು ತಿಂಗಳಿಗೆ 19 ಮುಂಜಾವಿನ ರಿಪೋರ್ಟಿಂಗ್‌ಗಳಿದ್ದವು, ಅವುಗಳಲ್ಲಿ 11ಕ್ಕೆ ಮುಂಚೆ ಆರು ಗಂಟೆಗಿಂತ ಕಡಿಮೆ ನಿದ್ದೆಯಾಗಿತ್ತು. ಮನೆ ಬದಲಿಸುವ ಮಾತು ನನ್ನಲ್ಲಿ ಮೊಳೆತದ್ದು ಆ ಹಾಳೆಯನ್ನು ನೋಡಿದ ಮೇಲೆ.

ಈ ಹೆಜ್ಜೆಯನ್ನು ಹಗುರವಾಗಿ ನೋಡಬಾರದು ಎನ್ನಲು ಎರಡು ಅಪಘಾತಗಳ ತನಿಖೆಗಳು ಸಾಕು. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಬಳಿ ಕೊಲ್ಗನ್ ಏರ್ ಸಂಸ್ಥೆಯ 3407ನೆಯ ವಿಮಾನ ಬಿದ್ದು, ನೆಲದ ಮೇಲಿದ್ದ ಒಬ್ಬರೂ ಸೇರಿ 50 ಮಂದಿ ಸತ್ತರು. ಪೈಲಟ್‌ಗಳಿಬ್ಬರ ಬೇಸ್ ನೂವರ್ಕ್. ಫಸ್ಟ್ ಆಫೀಸರ್ ದೇಶದ ಇನ್ನೊಂದು ತುದಿಯ ಸಿಯಾಟಲ್‌ನಿಂದ ರಾತ್ರಿಯಿಡೀ ಸರಕು ವಿಮಾನಗಳಲ್ಲಿ ಮೆಂಫಿಸ್ ಮಾರ್ಗವಾಗಿ ಬಂದಿದ್ದರು. ಕ್ಯಾಪ್ಟನ್ ಹಿಂದಿನ ರಾತ್ರಿಯನ್ನು ಕ್ರೂ ರೂಮಿನಲ್ಲಿ ಕಳೆದಿದ್ದರು. ದಣಿವು ಇಬ್ಬರ ಕೆಲಸವನ್ನೂ ಬಹುಶಃ ಕುಂದಿಸಿತ್ತು, ಆದರೆ ಅಪಘಾತದಲ್ಲಿ ಅದರ ಪಾಲು ಎಷ್ಟೆಂದು ನಿಖರವಾಗಿ ಹೇಳಲಾಗದು ಎಂಬುದು ತನಿಖಾ ಮಂಡಳಿಯ ಮಾತು. ಅದೇ ತನಿಖೆಯಲ್ಲಿ ಹೊರಬಂದ ಇನ್ನೊಂದು ಸಂಗತಿಯೆಂದರೆ, ಆ ಸಂಸ್ಥೆಯ ನೂವರ್ಕ್ ಬೇಸ್‌ನ 137 ಪೈಲಟ್‌ಗಳಲ್ಲಿ 93 ಮಂದಿ ಹೊರ ಊರುಗಳಿಂದ ಓಡಾಡುವವರು.

ಇನ್ನೊಂದು ನಮ್ಮದೇ ಊರಿನದು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. ಅದು ಮನೆ ಮತ್ತು ಬೇಸ್‌ನ ನಡುವಿನ ಓಡಾಟದ ಪ್ರಕರಣವಲ್ಲ. ಆದರೆ ಕ್ಯಾಪ್ಟನ್ ಹಾರಾಟದ ಬಹುಭಾಗ ನಿದ್ರಿಸಿ, ಇಳಿಯುವ ಸ್ವಲ್ಪ ಮೊದಲು ಎದ್ದಿದ್ದರೆಂಬುದು ಧ್ವನಿಮುದ್ರಣದಿಂದ ತಿಳಿಯಿತು. ಎದ್ದ ಕೂಡಲೇ ಇರುವ ಮಂಪರು ತೀರ್ಮಾನಶಕ್ತಿಯನ್ನು ಕುಂದಿಸಿರಬಹುದೆಂದು ತನಿಖಾ ನ್ಯಾಯಾಲಯ ಗಮನಿಸಿತು. ಮುಂಜಾವಿನ 2ರಿಂದ 6ರ ನಡುವೆ ದೇಹ ಎಚ್ಚರದ ತಳಮಟ್ಟದಲ್ಲಿರುತ್ತದೆ. 4:50ರ ರಿಪೋರ್ಟಿಂಗ್ ಅದರ ನಡುಮಧ್ಯದಲ್ಲಿ ಬೀಳುತ್ತದೆ, ಅದಕ್ಕೆ ಹಿಂದಿನ ಸಂಜೆಯ ಪ್ರಯಾಣವನ್ನೂ ಸೇರಿಸುವುದು ನಮ್ಮದೇ ಆಯ್ಕೆ.

ಐದನೆಯ ಹೆಜ್ಜೆ: ದಾರಿ ಮುಚ್ಚುವ ದಿನಗಳನ್ನು ಎಣಿಸುವುದು

ಊರಿನಿಂದ ಬೇಸ್‌ಗೆ ವಿಮಾನ, ರೈಲು, ರಸ್ತೆ ಎಂದು ಮೂರು ದಾರಿಗಳಿವೆ ಎಂದು ಧೈರ್ಯ ತಂದುಕೊಳ್ಳುವುದು ಸುಲಭ. ಆದರೆ ಮೂರೂ ಒಂದೇ ಕಾರಣಕ್ಕೆ ಒಂದೇ ಹೊತ್ತಿನಲ್ಲಿ ಮುಚ್ಚುತ್ತವೆಯೇ ಎಂದು ಕೇಳಿಕೊಳ್ಳಬೇಕು. 2024ರ ಜುಲೈನಲ್ಲಿ ಸಕಲೇಶಪುರದ ಸುತ್ತ ಗುಡ್ಡ ಕುಸಿದು ಶಿರಾಡಿ ಘಾಟಿಯ ಹೆದ್ದಾರಿಯಲ್ಲಿ ಸಂಚಾರಕ್ಕೆ ತಡೆಯಾಯಿತು; ಅದೇ ತಿಂಗಳ ಕೊನೆಯಲ್ಲಿ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ ಮಂಗಳೂರು–ಬೆಂಗಳೂರು ರೈಲುಗಳು ನಿಂತವು. ಅಂಥ ಮಳೆಯಲ್ಲಿ ಬಜ್ಪೆಯ ಗುಡ್ಡದ ಮೇಲಿನ ನಿಲ್ದಾಣದಲ್ಲಿ ಗೋಚರತೆ ಕುಸಿದು ವಿಮಾನಗಳು ಬೇರೆಡೆ ತಿರುಗುವುದು ಹೊಸತಲ್ಲ. ಕರಾವಳಿಯವರಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಇರುವುದು ಒಂದೇ ದಾರಿ ಎಂದು ಲೆಕ್ಕ ಹಾಕಿದರೆ ಕ್ಷೇಮ. ಮಳೆಯೇ ಬೇಕೆಂದೂ ಇಲ್ಲ: 2023ರ ಆರಂಭದ ತಿಂಗಳುಗಳಲ್ಲಿ ಮಂಗಳೂರಿನ ರನ್‌ವೇಯ ಮೇಲ್ಪದರ ನವೀಕರಣಕ್ಕಾಗಿ ಹಗಲಿನ ಬಹುಭಾಗ ಹಾರಾಟ ನಿಂತಿತ್ತು.

ದೆಹಲಿ ಬೇಸ್‌ನವರು ಡಿಸೆಂಬರ್ ಕೊನೆಯಿಂದ ಜನವರಿಯ ಮಂಜನ್ನು ಇದೇ ರೀತಿ ಎಣಿಸಬೇಕು. 2025ರ ಡಿಸೆಂಬರ್ ಮೊದಲ ವಾರ ದೇಶದಲ್ಲಿ ಸಾವಿರಾರು ಹಾರಾಟಗಳು ರದ್ದಾದಾಗ, ಸೀಟು ಖಾಲಿ ಇದ್ದರಷ್ಟೇ ಸಿಗುವ ಸ್ಟಾಫ್ ಟಿಕೆಟ್‌ನ ಬೆಲೆ ಎಷ್ಟೆಂದು ಎಲ್ಲರಿಗೂ ಗೊತ್ತಾಯಿತು. ಅಮೆರಿಕದಲ್ಲಿ ಬೇರೆ ಕಂಪನಿಯ ಪೈಲಟ್‌ಗಳಿಗೂ ಕಾಕ್‌ಪಿಟ್ಟಿನ ಹೆಚ್ಚುವರಿ ಆಸನವಾದ ಜಂಪ್ ಸೀಟ್ ಕೊಡುವ ವ್ಯವಸ್ಥೆ ಬೆಳೆದಿದೆ. ನಮ್ಮಲ್ಲಿ ಜಂಪ್ ಸೀಟನ್ನು ನೆಚ್ಚಿಕೊಂಡು ಯೋಜನೆ ಹಾಕುವಂತಿಲ್ಲ.

ಆರನೆಯ ಹೆಜ್ಜೆ: ಹಣ

ಹಣದ ಲೆಕ್ಕ ಜನ ಅಂದುಕೊಂಡಷ್ಟು ನಿರ್ಣಾಯಕವಲ್ಲ, ಆದ್ದರಿಂದ ಚುಟುಕಾಗಿ ಮುಗಿಸುತ್ತೇನೆ. ಓಡಾಡುತ್ತಿದ್ದಾಗ ನನಗೆ ತಿಂಗಳಿಗೆ ದೇವನಹಳ್ಳಿಯ ಹಂಚಿಕೆಯ ಕೋಣೆಗೆ 9,000, ಎರಡೂ ಊರುಗಳ ಟ್ಯಾಕ್ಸಿಗೆ 7,000, ಸ್ಟಾಫ್ ಟಿಕೆಟ್ ಕೈಕೊಟ್ಟಾಗ ಪೂರ್ಣ ಬೆಲೆಗೆ ಕೊಂಡ ಟಿಕೆಟ್‌ಗಳಿಗೆ ಸರಾಸರಿ 9,000, ಹೊರಗಿನ ಊಟಕ್ಕೆ 5,000, ಒಟ್ಟು 30,000 ರೂಪಾಯಿ ಹೋಗುತ್ತಿತ್ತು. ಯಲಹಂಕದಲ್ಲಿ ಎರಡು ಮಲಗುವ ಕೋಣೆಯ ಮನೆಗೆ ಆಗ ಕೊಟ್ಟ ಬಾಡಿಗೆ 28,000. ತೆರಿಗೆಯ ಆಸೆಯೂ ಇಲ್ಲಿಲ್ಲ. ಅಮೆರಿಕದ ಪೈಲಟ್‌ಗಳು ರಾಜ್ಯದ ಆದಾಯ ತೆರಿಗೆ ಇಲ್ಲದ ಟೆಕ್ಸಾಸ್ ಅಥವಾ ಫ್ಲಾರಿಡಾದಲ್ಲಿ ಮನೆ ಮಾಡಿ ಬೇರೆಡೆಯ ಬೇಸ್‌ಗೆ ಓಡಾಡುವುದುಂಟು. ನಮ್ಮಲ್ಲಿ ಆದಾಯ ತೆರಿಗೆ ಕೇಂದ್ರದ್ದು, ಎಲ್ಲಿ ವಾಸಿಸಿದರೂ ದರ ಒಂದೇ.

ಏಳನೆಯ ಹೆಜ್ಜೆ: ‘ಬೇಸ್‌ನಲ್ಲಿ’ ಎಂದರೆ ಯಾವ ಬಡಾವಣೆ

ಬೆಂಗಳೂರಿಗೆ ಮನೆ ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದು ಎಚ್‌ಎಎಲ್ ನಿಲ್ದಾಣದ ನಿಯತ ಪ್ರಯಾಣಿಕ ಹಾರಾಟಗಳು ಅಲ್ಲಿಗೆ ಹೋದ ಮೇಲೆ, ಜಯನಗರದವರಿಗೆ ಬೇಸ್ ನಗರದ ಇನ್ನೊಂದು ತುದಿಗೆ ಸರಿಯಿತು. ಕಂಪನಿಯ ಕ್ಯಾಬ್ ಕರೆದೊಯ್ಯಲು ಬರುವ ಮುಂಜಾವಿನ ಪಿಕಪ್ ಸಮಯವೊಂದನ್ನೇ ನೋಡಿ ಮನೆ ಆರಿಸಬೇಡಿ. ಬೆಳಗಿನ 3:30ಕ್ಕೆ ಬೆಂಗಳೂರಿನ ರಸ್ತೆಗಳು ಖಾಲಿ, ಜಯನಗರದಿಂದಲೂ ಗಂಟೆಯೊಳಗೆ ತಲುಪಬಹುದು. ಪೆಟ್ಟು ಬೀಳುವುದು ವಾಪಸಾಗುವಾಗ. ಸಂಜೆ 6ಕ್ಕೆ ಡ್ಯೂಟಿ ಮುಗಿಸಿ ಹೆಬ್ಬಾಳದ ಮೇಲ್ಸೇತುವೆಯ ಮುಂದೆ ನಿಂತ ಕ್ಯಾಬ್‌ನಲ್ಲಿ ಎರಡು ಗಂಟೆ ಕಳೆದರೆ, ಮರುದಿನದ ಮುಂಜಾವಿನ ಡ್ಯೂಟಿಗೆ ಬೇಕಾದ ನಿದ್ದೆ ಅಲ್ಲೇ ಕರಗುತ್ತದೆ. ಹೆಬ್ಬಾಳದ ಉತ್ತರಕ್ಕಿರುವ ಸಹಕಾರನಗರ, ಜಕ್ಕೂರು, ಯಲಹಂಕಗಳಲ್ಲಿ ವಿಮಾನದ ಸಿಬ್ಬಂದಿ ಮನೆ ಹುಡುಕುವುದು ಈ ಕಾರಣಕ್ಕೆ. ದೇವನಹಳ್ಳಿ ಇನ್ನೂ ಹತ್ತಿರ, ಆದರೆ ಸಂಗಾತಿಯ ಕೆಲಸ ನಗರದೊಳಗಿದ್ದರೆ ನಿಮ್ಮ ಓಡಾಟವನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ. ಮನೆ ನಿಶ್ಚಯಿಸುವ ಮೊದಲು ಕಂಪನಿಯ ಪಿಕಪ್ ಯಾವ ಬಡಾವಣೆಯವರೆಗೆ ಬರುತ್ತದೆ ಎಂಬುದನ್ನು ಲಿಖಿತವಾಗಿ ಕೇಳಿಕೊಳ್ಳಿ.

ಮುಂಬೈ ಬೇಸ್‌ನವರಿಗೆ ಈಗ ಹೊಸ ತೊಡಕೊಂದಿದೆ. ನವಿ ಮುಂಬೈ ನಿಲ್ದಾಣದಲ್ಲಿ 2025ರ ಡಿಸೆಂಬರ್ 25ರಿಂದ ವಾಣಿಜ್ಯ ಹಾರಾಟ ಆರಂಭವಾಗಿದೆ. ಅಂಧೇರಿಯಲ್ಲಿ ಮನೆ ಮಾಡಿದವರು ಆ ನಿಲ್ದಾಣವಿರುವ ಉಲ್ವೆಯಲ್ಲಿ ರಿಪೋರ್ಟ್ ಮಾಡಬೇಕಾದರೆ ಒಂದೇ ನಗರದೊಳಗೆ ಅವರೂ ದೂರದಿಂದ ಓಡಾಡುವವರೇ.

ಎಂಟನೆಯ ಹೆಜ್ಜೆ: ಮನೆಯವರೊಂದಿಗೆ ಕುಳಿತು ಮಾತನಾಡುವುದು

ಎರಡನೆಯ ಹೆಜ್ಜೆಯ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡೇ ಈ ಮಾತು ನಡೆಯಲಿ. ಸಂಗಾತಿಯ ಉದ್ಯೋಗ, ಮಕ್ಕಳ ಶಾಲೆ, ವಯಸ್ಸಾದ ತಂದೆತಾಯಿ ಎಂಬ ಮೂರರಲ್ಲಿ ಕೊನೆಯದಕ್ಕೆ ಬಾಡಿಗೆ ಒಪ್ಪಂದದಂತೆ ಅವಧಿ ಇರುವುದಿಲ್ಲ. ನಾವು ಕೊನೆಗೆ ಮಾಡಿಕೊಂಡದ್ದು ಇಷ್ಟು: ನಾನು, ಹೆಂಡತಿ, ಮಗಳು ಯಲಹಂಕಕ್ಕೆ ಬಂದೆವು, ಅಪ್ಪ ಅಮ್ಮ ಊರಿನಲ್ಲೇ ಉಳಿದರು, ತಿಂಗಳಿಗೆ ಒಂದು ದೀರ್ಘ ಬಿಡುವನ್ನು ಅವರಿಗೆಂದು ಮೀಸಲಿಟ್ಟೆ. ವಿಚಿತ್ರವೆಂದರೆ ಅವರ ಜೊತೆ ಎಚ್ಚರವಾಗಿ ಕಳೆಯುವ ಹೊತ್ತು ಮೊದಲಿಗಿಂತ ಹೆಚ್ಚಾಯಿತು. ಇದು ಎಲ್ಲರಿಗೂ ಹೊಂದುವ ಉತ್ತರವಲ್ಲ. ಹಾಸಿಗೆ ಹಿಡಿದ ತಂದೆಯನ್ನು ಬಿಟ್ಟು ಬರಲಾರದೆ ಹುಬ್ಬಳ್ಳಿಯಿಂದ ವರ್ಷಗಟ್ಟಲೆ ಓಡಾಡಿದ ಸಹೋದ್ಯೋಗಿಯ ನಿರ್ಧಾರ ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ.

ಓಡಾಟವನ್ನೇ ಆರಿಸಿಕೊಂಡರೆ

ಮುಂಜಾವಿನ ಡ್ಯೂಟಿಗೆ ಹಿಂದಿನ ದಿನವೇ ಬೇಸ್ ತಲುಪಿರಬೇಕು. ನೀವು ಹಿಡಿಯುವ ವಿಮಾನದ ನಂತರ ಇನ್ನೂ ಒಂದಾದರೂ ವಿಮಾನ ಉಳಿದಿರಬೇಕು, ಅದೂ ತಪ್ಪಿದರೆ ರಾತ್ರಿಯ ಬಸ್ಸು ಯಾವುದೆಂದು ಮೊದಲೇ ತಿಳಿದಿರಬೇಕು. ದಸರಾ, ದೀಪಾವಳಿ, ಕ್ರಿಸ್‌ಮಸ್ ಸುತ್ತಮುತ್ತ ಸ್ಟಾಫ್ ಟಿಕೆಟ್‌ನ ಆಸೆ ಬಿಟ್ಟು ಪೂರ್ಣ ಬೆಲೆಯ ಟಿಕೆಟ್ ಮುಂಗಡವಾಗಿ ಕೊಳ್ಳಿ. ಬೇಸ್‌ನ ಕೋಣೆಯಲ್ಲಿ ನಿಮ್ಮದೇ ಹಾಸಿಗೆ ಇರಲಿ. ನೀವಿಲ್ಲದಾಗ ಇನ್ನೊಬ್ಬರು ಮಲಗುವ ಹಾಸಿಗೆ ಅಗ್ಗವಾಗುತ್ತದೆ, ಆದರೆ ನೀವು ಬಂದ ರಾತ್ರಿ ಅವರ ವಿಮಾನ ರದ್ದಾಗಿ ಅವರೂ ಅಲ್ಲೇ ಇದ್ದರೆ ಒಬ್ಬರು ನೆಲದ ಮೇಲೆ. ಒಂದು ಜೊತೆ ಇಸ್ತ್ರಿ ಮಾಡಿದ ಸಮವಸ್ತ್ರ, ಗಾಢ ಬಣ್ಣದ ಪರದೆ, ಕಿವಿಗೆ ಇಡುವ ಬೆಂಡು ಕೋಣೆಯಲ್ಲೇ ಇರಲಿ. ಲೈಸೆನ್ಸ್ ಮತ್ತು ಮೆಡಿಕಲ್ ಪತ್ರಗಳು ಮಾತ್ರ ಯಾವಾಗಲೂ ನಿಮ್ಮ ಚೀಲದಲ್ಲಿರಲಿ. ಅವನ್ನು ಊರಿನ ಅಲಮಾರಿನಲ್ಲಿ ಮರೆತು ಬಂದ ಕಥೆಗಳು ಪ್ರತಿ ಬೇಸ್‌ನಲ್ಲೂ ಇವೆ.

ವಿಮಾನ ತಪ್ಪಿದ್ದು ಗೊತ್ತಾದ ನಿಮಿಷವೇ ಕ್ರೂ ಕಂಟ್ರೋಲ್‌ಗೆ ತಿಳಿಸಿ. ಬೇರೆ ಪೈಲಟ್‌ನನ್ನು ಕರೆಸಲು ಅವರಿಗೆ ಐದು ಗಂಟೆ ಸಿಕ್ಕರೆ ಅದು ಸಾಮಾನ್ಯ ಬದಲಾವಣೆಯಾಗಿ ಮುಗಿಯಬಹುದು, ಅರ್ಧ ಗಂಟೆಯಷ್ಟೇ ಸಿಕ್ಕರೆ ನಿಮ್ಮ ಕಡತದಲ್ಲಿ ಉಳಿಯುತ್ತದೆ. ಹೇಗೋ ಬಂದು ತಲುಪಿ, ನಿದ್ದೆಯಾಗಿಲ್ಲ ಎಂದು ಗೊತ್ತಿದ್ದರೆ ಹಾರಲಾರೆ ಎಂದು ಹೇಳುವುದು ನಿಮ್ಮ ಹೊಣೆ. ದಣಿವಿಗೆ ಕಾರಣ ನಿಮ್ಮದೇ ಓಡಾಟ ಎಂಬ ಸಂಕೋಚ ಆಗ ಬಾಯಿ ಕಟ್ಟುತ್ತದೆ. ಓಡಾಟದ ನಿಜವಾದ ಅಪಾಯ ಈ ಸಂಕೋಚದಲ್ಲಿದೆ ಎಂದು ನನಗೆ ಅನೇಕ ಸಲ ಅನಿಸಿದೆ.

ಮನೆ ಬದಲಿಸುವುದನ್ನು ಆರಿಸಿಕೊಂಡರೆ

ಮೊದಲ ಸಲ ಬಾಡಿಗೆಗೆ ಹೋಗಿ, ಕೊಳ್ಳಬೇಡಿ. ನಮ್ಮಲ್ಲಿ ರೂಢಿಯಲ್ಲಿರುವ 11 ತಿಂಗಳ ಬಾಡಿಗೆ ಒಪ್ಪಂದ ಪೈಲಟ್‌ಗೆ ಹೇಳಿ ಮಾಡಿಸಿದಂತಿದೆ: ಅಷ್ಟರಲ್ಲಿ ಎರಡು ವೇಳಾಪಟ್ಟಿಗಳು ಬದಲಾಗಿರುತ್ತವೆ, ಒಂದು ಮಳೆಗಾಲ ಕಳೆದಿರುತ್ತದೆ, ಮಕ್ಕಳ ಶಾಲೆಯ ಮುಂದಿನ ದಾಖಲಾತಿ ಎದುರಿಗಿರುತ್ತದೆ. ಒಪ್ಪಂದ ನವೀಕರಿಸುವ ತಿಂಗಳ ಮೊದಲು ಎರಡನೆಯ ಹೆಜ್ಜೆಯ ಲೆಕ್ಕವನ್ನು ಹೊಸ ರೋಸ್ಟರ್‌ಗಳೊಂದಿಗೆ ಮತ್ತೆ ಮಾಡಿ. ಸಹಿ ಹಾಕುವಾಗ ಒಂದು ಸಾಲನ್ನು ಬಿಡದೆ ಬರೆಸಿ: ಬೇಸ್ ವರ್ಗಾವಣೆಯ ಪತ್ರ ತೋರಿಸಿದರೆ ಒಂದು ತಿಂಗಳ ನೋಟಿಸ್ ಮೇಲೆ ಮನೆ ಬಿಡಬಹುದು, ಲಾಕ್-ಇನ್ ಅವಧಿ ಅದಕ್ಕೆ ಅಡ್ಡಿಯಾಗುವುದಿಲ್ಲ, ಅಡ್ವಾನ್ಸ್ ಪೂರ್ತಿ ವಾಪಸ್ ಬರುತ್ತದೆ ಎಂದು. ನನ್ನ ಮೊದಲ ಒಪ್ಪಂದದಲ್ಲಿ ಆ ಸಾಲು ಇರಲಿಲ್ಲ. ಎರಡನೆಯದರಲ್ಲಿ ಮನೆ ಮಾಲೀಕರು ಹತ್ತು ನಿಮಿಷ ಗೊಣಗಿ, ಸುಣ್ಣಬಣ್ಣದ ಖರ್ಚು ಮಾತ್ರ ಹಿಡಿದುಕೊಳ್ಳುವುದಾಗಿ ಹೇಳಿ, ಸಹಿ ಹಾಕಿಕೊಟ್ಟರು.